ಸೊನ್ನೆಯ ಕೆಳಗೆ ಹನ್ನೊಂದು ನಿಮಿಷ

ಜಗದೇವಿ ತೀರಿಕೊಂಡು ಐದು ತಿಂಗಳಾದ ಮೇಲೆ, ಬೀದರಿನಲ್ಲಿ ಆ ವರ್ಷ ಮೊದಲ ಸಲ ನೀರು ಹೆಪ್ಪುಗಟ್ಟಿದ ಬೆಳಿಗ್ಗೆ, ಅವಳ ಕಾರು ಅವಳು ಓಡಿಸುತ್ತಿದ್ದ ಹಾಗೆಯೇ ಓಡಿತು.

ಅವಳ ಗಂಡ ವೈಜಿನಾಥನಿಗೆ ಅದು ಮೊದಲು ಗೊತ್ತಾದದ್ದು ಕಾಲಿಗಲ್ಲ, ಕುತ್ತಿಗೆಗೆ. ಬ್ರೇಕಿನ ಮೇಲೆ ಕಾಲಿಟ್ಟು ಗೇರಿನ ಹಿಡಿಯನ್ನು ಮುಂದಕ್ಕೆ ಓಡಿಸುವ ‘ಡಿ’ಗೆ ಎಳೆದ. ಮಳೆಗಾಲದಲ್ಲಿ ಅವನು ಡ್ರೈವಿಂಗ್ ಕಲಿತಾಗಿನಿಂದ ಈ ಗಾಡಿ ಹಾಗೆ ಎಳೆದ ಕೂಡಲೇ ಹಗ್ಗ ಬಿಚ್ಚಿದ ಹೋರಿಯಂತೆ ಮುಂದಕ್ಕೆ ಮುಗ್ಗರಿಸುತ್ತಿತ್ತು. ಇವತ್ತು ಸುಮ್ಮನೆ ನಿಂತಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಿನ ಮೇಲೆ ಒಳಗೆಲ್ಲೋ ಏನೋ ಮೆಲ್ಲಗೆ ಕೂಡಿಕೊಂಡಿತು. ಬ್ರೇಕು ಬಿಟ್ಟ. ಗಾಡಿ ಓಣಿಯ ತುದಿಗೆ ಬಂದು ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಅವನ ತಲೆ ತಾನಾಗಿ ತುಸು ಮುಂದಕ್ಕೆ ಬಾಗಿ ಹಿಂದಕ್ಕೆ ಬಂತು. ತೊಟ್ಟಿಲು ತೂಗುವವರು ಕೈ ಬದಲಿಸಿದಷ್ಟು ಮೆತ್ತಗೆ.

ಆ ತೂಗು ಅವನಿಗೆ ಗೊತ್ತಿತ್ತು. ಮೂರು ಚಳಿಗಾಲ, ಕಬ್ಬು ಅರೆಯುವ ಹಂಗಾಮಿನ ಉದ್ದಕ್ಕೂ, ದಿನಾ ಬೆಳಿಗ್ಗೆ ಎಡಗಡೆಯ ಸೀಟಿನಲ್ಲಿ ಕೂತು ಅದನ್ನೇ ಅನುಭವಿಸಿಕೊಂಡು ಸಕ್ಕರೆ ಕಾರ್ಖಾನೆಗೆ ಹೋಗಿದ್ದ. ಅದರ ಕಡೆ ಗಮನ ಕೊಟ್ಟಿರಲಿಲ್ಲ, ಅಷ್ಟೆ.

ಹಾಲಿನ ಡೈರಿಯ ಮುಂದೆ ಗಾಡಿ ನಿಲ್ಲಿಸಿದ. ಪಕ್ಕಕ್ಕೆ ನೋಡಿದ. ತಾನು ಕೂರುತ್ತಿದ್ದ ಜಾಗ ಖಾಲಿಯಿತ್ತು. ಅವಳು ಕೂರುತ್ತಿದ್ದ ಜಾಗದಲ್ಲಿ ತಾನು ಕೂತಿದ್ದ. ಹಿಂದಿನಿಂದ ಹಾಲಿನ ಟೆಂಪೋದವನು ಹಾರನ್ ಹೊಡೆದು, “ಏನ್ರೀ, ಎಣ್ಣಿ ಎದ್ದಿಲ್ಲೇನು?” ಎಂದು ಕೂಗಿದ. ವೈಜಿನಾಥ ಮತ್ತೆ ಹೊರಟ. ಎರಡನೇ ಗೇರು, ಮೂರನೇ ಗೇರು, ಎಲ್ಲದರಲ್ಲೂ ಅವಳೇ. ಹೊರವಲಯದ ರಸ್ತೆಗೆ ಬರುವ ಹೊತ್ತಿಗೆ ಎಣ್ಣೆ ಬಿಸಿಯಾಯಿತು. ಗಾಡಿ ಮತ್ತೆ ಅವನದಾಗಿ, ಹೊಸ ಡ್ರೈವರನ ಒರಟು ಕಾಲಿಗೆ ತಕ್ಕಂತೆ ಧಡಕ್ ಧಡಕ್ ಎನ್ನತೊಡಗಿತು. ಗಡಿಯಾರ ನೋಡಿದ. ಮನೆಯಿಂದ ಅಲ್ಲಿಗೆ ಹನ್ನೊಂದು ನಿಮಿಷ.

“ಎಣ್ಣಿ ಎದ್ದದೇನು?”, ಅಂದರೆ ಗಾಡಿಯ ಎಣ್ಣೆ ಬಿಸಿಯಾಗಿದೆಯೇ, ಎಂಬುದು ಆ ವರ್ಷಗಳಲ್ಲಿ ಬೀದರಿನ ಮಂದಿ ಬೆಳಿಗ್ಗೆ ಒಬ್ಬರನ್ನೊಬ್ಬರು ಕೇಳುವ ಮಾತಾಗಿತ್ತು. ಅದಕ್ಕೆ ಕಾರಣ ಮುಸುಕು. ಭೂಮಿ ಕಾದು ಹೋಗುತ್ತಿದೆ ಎಂದು ಹೆದರಿದ ದೇಶಗಳೆಲ್ಲ ಸೇರಿ, ಮೋಡಗಳಿಗಿಂತ ಎಷ್ಟೋ ಎತ್ತರದಲ್ಲಿ ವಿಮಾನಗಳಿಂದ ಗಂಧಕದ ನುಣ್ಣನೆಯ ಧೂಳು ಹರಡಿ ಬಿಸಿಲಿಗೆ ಒಂದು ತೆಳು ಪರದೆ ಕಟ್ಟಿದ್ದವು. ಭೂಮಿಯೇನೋ ತಣ್ಣಗಾಯಿತು. ಆದರೆ ಗಾಳಿಯ ದಾರಿಗಳು ಬದಲಾದವು. ಉತ್ತರದ ಹಿಮಗಾಳಿ ಯಾರೂ ಎಣಿಸದಿದ್ದ ಕಡೆ ಇಳಿದು, ದಖನ್ನಿನ ಎತ್ತರದ ಕೆಂಪು ನೆಲಕ್ಕೆ ಬಂದು ಕೂತಿತು. ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ಬಿಸಿಲು ಕಂಡ ಊರಿನಲ್ಲಿ ಪುಷ್ಯ ಮಾಸದ ಬೆಳಗುಗಳು ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗಿಳಿದವು. ತೊಗರಿ ಹೂವು ಕಪ್ಪಾಗಿ ಉದುರಿತು. ನಳದ ಪೈಪು ಒಡೆದವು. ಜನ ಹೊಂದಿಕೊಂಡರು. ಜೋಳದ ರೊಟ್ಟಿಯ ಜೊತೆ ಅಗಸೆಯ ಚಟ್ನಿಪುಡಿ ಹೆಚ್ಚು ತಿಂದರು, ಮಕ್ಕಳ ಶಾಲೆ ಹನ್ನೊಂದು ಗಂಟೆಗೆ ಶುರುವಾಯಿತು.

ಗಾಡಿಗಳು ಮಾತ್ರ ಬೇಗ ಹೊಂದಿಕೊಳ್ಳಲಿಲ್ಲ. ಬ್ಯಾಟರಿ ಕಾರುಗಳು ಚಳಿಗೆ ಅರ್ಧ ದಾರಿಯಲ್ಲೇ ಸುಸ್ತಾಗಿ ನಿಂತವು. ಮೂಲೆಗೆ ಬಿದ್ದಿದ್ದ ಪೆಟ್ರೋಲ್ ಗಾಡಿಗಳು ಹೊರಗೆ ಬಂದವು. ಅವುಗಳಲ್ಲಿ ಜಗದೇವಿಯ ಗಾಡಿಯಂಥ ಆಟೋಮ್ಯಾಟಿಕ್ ಇದ್ದವರ ಪಾಡು ಕೇಳಬಾರದು. ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರು ಹಾಕುವುದು ಕೈಯಲ್ಲ, ಎಣ್ಣೆ. ಎಣ್ಣೆಯ ಒತ್ತಡವೇ ಪೆಟ್ಟಿಗೆಯೊಳಗಿನ ಕ್ಲಚ್ ಬಿಲ್ಲೆಗಳನ್ನು ಒಂದಕ್ಕೊಂದು ಅದುಮಿ ಹಿಡಿಯಬೇಕು. ಚಳಿಗೆ ಎಣ್ಣೆ ಗಟ್ಟಿಯಾದರೆ ಒತ್ತಡ ತಡವಾಗಿ ತಲುಪುತ್ತದೆ. ಗಾಡಿ ಕದಲುವುದಿಲ್ಲ. ಸಿಟ್ಟಿಗೆದ್ದು ಆಕ್ಸಿಲರೇಟರ್ ತುಳಿದರೆ ಒಮ್ಮೆಲೇ ಹಾರುತ್ತದೆ, ಬಿಲ್ಲೆಗಳು ಸುಡುತ್ತವೆ. ಮೊದಲ ಚಳಿಗಾಲದಲ್ಲಿ ಜನ ಗಾಡಿಯ ಕೆಳಗೆ ಕೆಂಡದ ಶೆಗಡಿ ಇಟ್ಟರು. ಎರಡು ಗಾಡಿ ಸುಟ್ಟು ಬೂದಿಯಾದ ಮೇಲೆ ಅದನ್ನು ಬಿಟ್ಟು ಬಾನೆಟ್ಟಿನ ಮೇಲೆ ಕೌದಿ ಹೊದಿಸಿದರು.

ಕಡೆಗೆ ತಯಾರಕರು ಗೇರುಪೆಟ್ಟಿಗೆಗೆ ಕಲಿಯುವ ಬುದ್ಧಿ ಇಟ್ಟರು. ಅದರ ಪುಟ್ಟ ಕಂಪ್ಯೂಟರು ಎಣ್ಣೆಯ ಬಿಸಿ ಎಷ್ಟಿದೆ, ಆಗ ಬಿಲ್ಲೆ ಹಿಡಿಯಲು ಎಷ್ಟು ಹೊತ್ತು ಬೇಕಾಯಿತು, ಡ್ರೈವರನ ಕಾಲು ಹೇಗೆ ಒತ್ತಿತು, ಹೇಗೆ ಬಿಟ್ಟಿತು ಎಂಬುದನ್ನೆಲ್ಲ ಬರೆದಿಟ್ಟುಕೊಂಡು ಮುಂದಿನ ಸಲ ಅದಕ್ಕೆ ತಕ್ಕಂತೆ ನಡೆಯುತ್ತಿತ್ತು.

ವೈಜಿನಾಥ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್. ಮೂರಾಳೆತ್ತರದ ಕುದಿಯುವ ಪ್ಯಾನಿನಿಂದ ಒಂದು ತೊಟ್ಟು ಪಾಕ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಎಳೆದು ನೋಡಿ, ಇದು ಹರಳುಗಟ್ಟಲು ಇನ್ನು ಎಷ್ಟು ನಿಮಿಷ ಬೇಕು ಎಂದು ಹೇಳುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಮಾಡಿಕೊಂಡು ಬಂದಿದ್ದ. ಜಗದೇವಿ ಒಂಬತ್ತು ಹಳ್ಳಿಗಳ ಆರೋಗ್ಯ ಸಿಸ್ಟರ್. ಅವನು ಎಷ್ಟು ನಿಧಾನವೋ ಅವಳು ಅಷ್ಟು ಅವಸರದವಳು. ಬಾಗಿಲು ಹಾಕಿದರೆ ಗೋಡೆ ನಡುಗಬೇಕು, ರೊಟ್ಟಿ ಬಡಿದರೆ ಮೂರನೇ ಮನೆಗೆ ಕೇಳಬೇಕು. ಬೆಳಿಗ್ಗೆ ಅವನನ್ನು ಕಾರ್ಖಾನೆಯ ಗೇಟಿಗೆ ಬಿಡುವ ತನಕವೂ ಬೈಗುಳ: “ಮಫ್ಲರ್ ಮರ್ತು ಬಂದ್ರಿ ನೋಡ್ರಿ. ನಿಮ್ಮ ತಲಿ ಎಲ್ಲಿ ಇಟ್ಟೀರಿ, ಪಾಕದಾಗೇನು?” ಆದರೆ ಕಾಲು ಮಾತ್ರ ಬೆಣ್ಣೆಯ ಮೇಲೆ ಇಟ್ಟಂತೆ. ಅವಳ ಬಾಯಿಗೂ ಕಾಲಿಗೂ ಸಂಬಂಧವೇ ಇರಲಿಲ್ಲ. ಜ್ಯೇಷ್ಠದಲ್ಲಿ ಒಂದು ವಾರದ ಮೆದುಳು ಜ್ವರಕ್ಕೆ ಅವಳು ಹೋದ ಮೇಲೆ, ಐವತ್ತೊಂದನೇ ವಯಸ್ಸಿನಲ್ಲಿ ವೈಜಿನಾಥ ಅವಳ ಗಾಡಿಯಲ್ಲೇ ಡ್ರೈವಿಂಗ್ ಕಲಿತಿದ್ದ.

ಮಗಳು ಕರುಣಾ ಆ ಗಾಡಿ ಹತ್ತುತ್ತಿರಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ನರ್ಸಿಂಗಿನ ಕೊನೆಯ ವರ್ಷ. ಎಷ್ಟೇ ಚಳಿಯಿದ್ದರೂ ಸಿಟಿ ಬಸ್ಸಿಗೆ ಹೋಗುತ್ತಿದ್ದಳು. “ಮಾರಿಬಿಡು ಅಪ್ಪಾ” ಎಂದು ಎರಡು ಸಲ ಹೇಳಿದ್ದಳು. “ಅದು ಅಂಗಳದಾಗ ನಿಂತಿದ್ರ ಅವ್ವ ಮನಿ ಒಳಗ ಇದ್ದಂಗ ಅನಸ್ತದ. ಒಳಗ ಬಂದ್ರ ಇರಂಗಿಲ್ಲ.”

ಹೆಪ್ಪುಗಟ್ಟಿದ ಆ ಮೊದಲ ಬೆಳಗಿನ ವಿಷಯ ವೈಜಿನಾಥ ಅವಳಿಗೆ ಹೇಳಲಿಲ್ಲ. ಹೇಗೆ ಹೇಳಬೇಕು ಎಂದು ತಿಳಿಯಲಿಲ್ಲ. ಆಮೇಲೆ, ಹೇಳದೆ ಇಟ್ಟುಕೊಳ್ಳುವುದೇ ಹಿತವಾಗತೊಡಗಿತು. ಕಿಟಕಿಯ ಹೊರಗೆ ಒಂದು ಥರ್ಮಾಮೀಟರ್ ಕಟ್ಟಿದ. ಪಾದರಸ ಸೊನ್ನೆಯ ಕೆಳಗಿದ್ದ ದಿನ ಶಿಫ್ಟಿಗೆ ಬೇಕಾದ್ದಕ್ಕಿಂತ ಮೊದಲೇ ಎದ್ದು, ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುತ್ತಿದ್ದ. ಎಣ್ಣೆ ಬೇಗ ಬಿಸಿಯಾಗದಿರಲಿ ಎಂದು ಕೋಟೆಯ ಕಡೆ ಇಳಿಜಾರಿನ ದಾರಿ ಹಿಡಿಯುತ್ತಿದ್ದ. ಹನ್ನೊಂದು ನಿಮಿಷ ಹನ್ನೆರಡಾಗುತ್ತಿತ್ತು. ಒಂದೆರಡು ಸಲ ಆ ಹೊತ್ತಿನಲ್ಲಿ ಅವನು ಮಾತಾಡಿದ್ದೂ ಉಂಟು. “ಮಫ್ಲರ್ ಹಾಕ್ಕೊಂಡೀನಿ” ಎಂದಿದ್ದ, ಯಾರಿಗೂ ಅಲ್ಲದ ಹಾಗೆ.

“ಊರ ಮಂದಿ ಎಲ್ಲಾ ಬಿಸಿಲು ಬರ್ಲಿ ಅಂತ ದೇವರಿಗೆ ಬೇಡ್ಲತ್ತಾರ,” ಎಂದಳು ಕರುಣಾ ಒಂದು ದಿನ. “ನೀ ಒಬ್ಬಂವ ಮೈನಸ್ ನೋಡಿ ನಗ್ಲತ್ತಿ. ಏನಾಗ್ಯದ ನಿನಗ?”

“ಏನಿಲ್ಲ. ಚಳಿಗೆ ಪಾಕ ಛಲೋ ಹರಳಾಗ್ತದ,” ಎಂದ ವೈಜಿನಾಥ.

ಮಾರ್ಗಶಿರದ ನಡುವೆ ಅವನಿಗೆ ಅನುಮಾನ ಬಂತು. ಎರಡನೇ ಗೇರಿನ ತೂಗು ಸಣ್ಣದಾಗುತ್ತಿತ್ತು. ‘ಡಿ’ಗೆ ಹಾಕಿದ ಮೇಲೆ ಗಾಡಿ ಮೊದಲಿನಷ್ಟು ಹೊತ್ತು ಕಾಯುತ್ತಿರಲಿಲ್ಲ. ಎಣ್ಣೆ ಹಳೆಯದಾಗಿರಬೇಕು ಎಂದು ಗ್ಯಾರೇಜಿನ ಮಿಸ್ತ್ರಿಗೆ ತೋರಿಸಿದ. ಮಿಸ್ತ್ರಿ ಎಣ್ಣೆಯನ್ನು ಮೂಸಿ, “ಎಣ್ಣಿ ಬರೋಬ್ಬರಿ ಅದ. ಇದು ಪೆಟಗಿ ತಲಿ ಒಳಗಿನ ಮಾತು. ಹುಮನಾಬಾದ್ ರಸ್ತೆ ಮ್ಯಾಲ ಶೀತ ಪರೀಕ್ಷಾ ಕೇಂದ್ರ ಅದಲ್ರಿ, ಅಲ್ಲಿ ಶಾಹಿದಾ ಮೇಡಂ ಅಂತ ಇದ್ದಾರ, ಅವರ ಹತ್ರ ಹೋಗ್ರಿ” ಎಂದ.

ಶಾಹಿದಾ ಪಟೇಲ್ ಮೂವತ್ತೈದರ ಆಸುಪಾಸಿನ ಎಂಜಿನಿಯರ್. ಮೂಲ ಊರು ಚಿಟಗುಪ್ಪ. ಕೇಂದ್ರದ ನಡುವೆ ಲಾರಿಯೇ ಹಿಡಿಸುವಷ್ಟು ದೊಡ್ಡ ಶೀತಕೋಣೆ; ಅದರಲ್ಲಿ ಗೇರುಪೆಟ್ಟಿಗೆಗಳನ್ನು ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಟ್ಟು ಪರೀಕ್ಷಿಸುತ್ತಿದ್ದರು. ಅವಳು ವೈಜಿನಾಥನ ಗಾಡಿಗೆ ಒಂದು ತಂತಿ ಚುಚ್ಚಿ, ಪರದೆಯ ಮೇಲೆ ಅಂಕಿಗಳನ್ನು ತೆರೆದಳು. ನಾಲ್ಕು ಖಾನೆಗಳಿದ್ದವು.

“ನೋಡ್ರಿ ಅಣ್ಣಾ. ಎಣ್ಣಿ ಪೂರಾ ಬಿಸಿ ಇದ್ದಾಗ ಹ್ಯಾಂಗ ನಡೀಬೇಕು ಅನ್ನೋದು ಈ ಖಾನ್ಯಾಗ. ಬೆಚ್ಚಗ ಇದ್ದಾಗಿಂದು ಇದ್ರಾಗ, ತಂಪು ಇದ್ದಾಗಿಂದು ಇದ್ರಾಗ. ಕೊನೀದು ಮೈನಸ್ ಖಾನೆ. ಮೊದಲಿನ ಮೂರೂ ಹೊಸಾವು, ನಾಕೈದು ತಿಂಗಳಿಂದು. ಕಾಲು ಸ್ವಲ್ಪ ಬಿರುಸದ.” ನಕ್ಕಳು. “ಮೈನಸ್ ಖಾನೆ ಮಾತ್ರ ಬ್ಯಾರೆ ಯಾರೋ ಬರ್ದಾರ. ಮೂರು ಚಳಿಗಾಲ, ಸಾವಿರದ ಮ್ಯಾಲ ಸ್ಟಾರ್ಟ್. ಇಂಥಾ ಕಾಲು ನಾ ನೋಡೇ ಇಲ್ಲ. ಯಾರದಿದು?”

ವೈಜಿನಾಥ ಹೇಳಿದ. ಅಪರಿಚಿತಳ ಮುಂದೆ ಹೇಳುವುದು ಸುಲಭವಾಗಿತ್ತು. ಎಲ್ಲ ಹೇಳಿ ಮುಗಿಸಿ, “ಈಗ ಅದು ಕಮ್ಮಿ ಆಗ್ಲತ್ತದ ಮೇಡಂ. ಯಾಕ?” ಎಂದ.

ಶಾಹಿದಾ ಪರದೆಯ ಮೇಲಿನ ಕೊನೆಯ ಖಾನೆಗೆ ಬೆರಳಿಟ್ಟಳು.

“ಜಗದೇವಿ ಅಕ್ಕ ಬ್ಯಾಸಿಗ್ಯಾಗ ಹೋದ್ರು. ಅದಕ್ಕ ಮೈನಸ್ ಖಾನೆ ಅವರು ಬಿಟ್ಟಂಗೇ ಉಳೀತು. ನೀವು ಚಳಿ ಇಲ್ಲದಾಗ ಕಲ್ತ್ರಿ, ಉಳಿದ ಮೂರು ಖಾನೆ ನಿಮ್ಮವಾದ್ವು. ಆದ್ರ ಈ ಪೆಟಗಿ ಕಲಿಯೋದು ನಿಲ್ಸಂಗಿಲ್ಲ. ನೀವು ಚಳ್ಯಾಗ ಒಂದೊಂದು ಸಲ ಹೊಡ್ದಾಗೂ ಹಳೇದ್ರಾಗ ಚೂರು ಅಳಿಸಿ ನಿಮ್ಮದು ಬರ್ಕೋತದ. ಇಲ್ಲೀತನಕ ಐದರಾಗ ಒಂದು ಪಾಲು ನಿಮ್ಮದಾಗ್ಯದ.”

“ಅಂದ್ರ, ನಾ ಆಕಿನ್ನ ಹುಡಕೊಂಡು ಹೋದಂಗೆಲ್ಲ…”

ಶಾಹಿದಾ ತಂತಿ ಕಿತ್ತು ಸುತ್ತಿಟ್ಟಳು.

ಅಂದಿನಿಂದ ಅವನು ಚಳಿಯಲ್ಲಿ ಗಾಡಿ ತೆಗೆಯುವುದನ್ನು ಬಿಟ್ಟ. ಬಾನೆಟ್ಟಿಗೆ ಎರಡು ಕೌದಿ ಹೊದಿಸಿ, ಕಾರ್ಖಾನೆಯ ಬಸ್ಸಿಗೆ ಹೋಗತೊಡಗಿದ. ಥರ್ಮಾಮೀಟರ್ ಮೈನಸ್ ಐದು ತೋರಿಸಿದ ದಿನ ಅಂಗಳದಲ್ಲಿ ನಿಂತು, ಒಳಗೆ ಮಲಗಿದವರನ್ನು ಎಬ್ಬಿಸಬಾರದು ಎನ್ನುವವನ ಹಾಗೆ ಗಾಡಿಯ ಸುತ್ತ ಒಮ್ಮೆ ನಡೆದು ಗೇಟು ದಾಟುತ್ತಿದ್ದ. ಓಡಿಸಿದರೆ ಕಳೆಯುತ್ತದೆ. ಓಡಿಸದಿದ್ದರೆ ಇದ್ದೂ ಇಲ್ಲ. ಪ್ಯಾನಿನ ಮುಂದೆ ನಿಂತಾಗಲೂ ಇದೇ ಯೋಚನೆ. ಒಂದು ದಿನ ಪಾಕದ ಎಳೆ ನೋಡುತ್ತ ನೋಡುತ್ತ ಹೊತ್ತು ಮೀರಿ, ಇಡೀ ಪ್ಯಾನು ಸಣ್ಣ ಹರಳಾಗಿ ಕೆಟ್ಟಿತು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ.

ಸಂಕ್ರಾಂತಿಯ ಮರುದಿನ ಮತ್ತೆ ಶಾಹಿದಾಳ ಹತ್ತಿರ ಹೋದ. “ಕಲಿಯೋದು ಬಂದ್ ಮಾಡ್ಲಿಕ್ಕ ಬರಂಗಿಲ್ಲೇನು? ಆಕಿದು ಹಂಗೇ ಉಳೀಲಿ.”

“ಬರ್ತದ. ಆದ್ರ ಬಿಲ್ಲೆ ಸವೀತಾವ ಅಣ್ಣಾ. ಸವೆದಂಗ ಪೆಟಗಿ ಹೊಸಾ ಲೆಕ್ಕ ಕಲೀಲಿಲ್ಲಂದ್ರ ಒಂದು ವರ್ಷದಾಗ ಸುಟ್ಟು ಹೋಗ್ತದ. ಚಳ್ಯಾಗ ನಡುದಾರ್ಯಾಗ ನಿಂತ್ರ ಜೀವಕ್ಕ ಅಪಾಯ.” ಪೆನ್ನಿನ ತುದಿ ಕಚ್ಚಿದಳು. “ಒಂದು ಮಾಡಬಹುದು. ನಿಮ್ಮ ಮೈನಸ್ ಖಾನೆ ನಕಲು ತೆಗ್ದು ನಮ್ಮ ಶೀತಕೋಣೆಯ ಪೆಟಗಿಗೆ ಹಾಕ್ತೀನಿ. ಅಲ್ಲಿ ಸೀಟು, ಸ್ಟೇರಿಂಗ್ ಎಲ್ಲಾ ಅದ. ನಿಮಗ ಬೇಕಾದಾಗ ಬಂದು ಕೂಡ್ರಿ.”

ದಪ್ಪ ಕೋಟು ಹಾಕಿಕೊಂಡು ವೈಜಿನಾಥ ಶೀತಕೋಣೆಯ ಒಳಗೆ ಹೋದ. ಕಬ್ಬಿಣದ ಚೌಕಟ್ಟಿಗೆ ಬಿಗಿದ ಒಂದು ಸೀಟು, ಮುಂದೆ ಬಿಳಿ ಗೋಡೆ. ಗಾಜಿನ ಆಚೆ ಶಾಹಿದಾ ಕೈ ಎತ್ತಿದಳು. ಅವನು ‘ಡಿ’ಗೆ ಎಳೆದ. ಅದೇ ಕಾಯುವಿಕೆ. ಚಕ್ರದ ಬದಲು ಉರುಳೆಗಳು ತಿರುಗಿದವು. ಎರಡನೇ ಗೇರಿಗೆ ಸೀಟು ಮೆಲ್ಲಗೆ ತೂಗಿತು. ಅಷ್ಟೇ ತೂಗು, ಕೂದಲೆಳೆಯ ವ್ಯತ್ಯಾಸವಿಲ್ಲದೆ. ಇನ್ನೊಮ್ಮೆ ಮಾಡಿದ. ಮತ್ತೊಮ್ಮೆ. ಬಿಳಿ ಗೋಡೆ ಇದ್ದಲ್ಲೇ ಇತ್ತು.

ಹೊರಗೆ ಬಂದು ಕೋಟು ಬಿಚ್ಚಿಕೊಟ್ಟ. “ಲೆಕ್ಕ ಖರೇ ಅದ ಮೇಡಂ,” ಎಂದ. “ಆದ್ರ ಇದ್ರಾಗ ಎಲ್ಲಿಗೂ ಹೋಗಂಗಿಲ್ಲಲ್ಲ.”

ಅದಾಗಿ ಹತ್ತು ದಿನಕ್ಕೆ, ಚಳಿ ಅತಿ ಜೋರಾಗಿದ್ದ ವಾರದಲ್ಲಿ, ಬೆಳಗಿನ ಆರು ಗಂಟೆಗೆ ಕರುಣಾ ಡ್ಯೂಟಿಯ ಬಟ್ಟೆಯಲ್ಲೇ ಮನೆಗೆ ಓಡಿ ಬಂದಳು. ಮಾಳೇವಾಡಿಯಿಂದ ಫೋನು ಬಂದಿತ್ತು. ಅದು ಜಗದೇವಿಯ ಒಂಬತ್ತು ಹಳ್ಳಿಗಳಲ್ಲಿ ಒಂದು. ಅಲ್ಲಿಯ ಜನರ ಬಳಿ ಇಂದಿಗೂ ಇದ್ದದ್ದು ಅವಳ ನಂಬರು, ಅದು ಈಗ ಕರುಣಾಳ ಹತ್ತಿರ ಇತ್ತು. ಸೀತಾಬಾಯಿ ಎಂಬ ಬಸುರಿಗೆ ಒಂಬತ್ತು ತುಂಬುವ ಮೊದಲೇ ರಕ್ತ ಹೋಗುತ್ತಿದೆ. ಎರಡೂ ಆಂಬ್ಯುಲೆನ್ಸು ಬೇರೆ ಕಡೆ ಹೋಗಿವೆ.

“ಅಪ್ಪಾ, ಕೀಲಿ ತಗೋ. ಜಲ್ದಿ.”

ವೈಜಿನಾಥ ಅಂಗಳಕ್ಕೆ ಬಂದ. ಕೌದಿ ಹೊದ್ದ ಗಾಡಿಯನ್ನು ನೋಡಿದ. ಮೈನಸ್ ಏಳು. “ಬ್ಯಾರೆ ಗಾಡಿ ಯಾವ್ದೂ ಸಿಗಂಗಿಲ್ಲೇನು?” ಎಂಬ ಮಾತು ಅವನ ಬಾಯಿಂದ ಬಂದುಬಿಟ್ಟಿತು.

ಕರುಣಾ ಅವನ ಮುಖವನ್ನೇ ನೋಡಿದಳು. “ಏನಂದಿ?”

ಆ ನೋಟಕ್ಕೆ ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಕೌದಿಗಳನ್ನು ಎಳೆದು ಕಟ್ಟೆಯ ಮೇಲೆ ಎಸೆದ. ಕರುಣಾ ಒಂದು ಕ್ಷಣ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತು, ಆಮೇಲೆ ಎಡಗಡೆಯ ಸೀಟಿನಲ್ಲಿ ಕೂತಳು. ಎಂಜಿನ್ ಶುರುವಾಯಿತು. ಗಾಡಿ ಕಾಯಿತು, ಹಿಡಿಯಿತು, ಹೊರಟಿತು.

“ಸುಮ್ಮ ಕೂಡು,” ಎಂದ ವೈಜಿನಾಥ. “ಓಣಿ ತುದಿಗೆ ಎರಡನೇ ಗೇರು ಬೀಳ್ತದ. ನೋಡು.”

ಬಿತ್ತು. ಮೊದಲಿಗಿಂತ ಸಣ್ಣದಾಗಿತ್ತು, ಆದರೂ ಇತ್ತು. ಕರುಣಾಳ ತಲೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಂತು. ಅವಳು ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡನ್ನು ಹಿಡಿದುಕೊಂಡಳು.

“ಇದು… ಇದು ಅವ್ವ ಹೊಡ್ಯೋದು.”

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಎಲ್ಲ ಹೇಳಿದ. ಖಾನೆಗಳು, ಹನ್ನೊಂದು ನಿಮಿಷ, ಓಡಿಸಿದಷ್ಟೂ ಅಳಿಯುವುದು. ಹೊರವಲಯದ ರಸ್ತೆ ಬಂದು, ಗಾಡಿ ಧಡಕ್ಕೆಂದು ಅವನದಾದ ಮೇಲೆ ಕರುಣಾ ಕೇಳಿದಳು.

“ಯಾವಾಗಿಂದ ಗೊತ್ತಿತ್ತು ನಿನಗ?”

“ಎರಡು ತಿಂಗಳಾತು.”

“ಎರಡು ತಿಂಗಳು.” ಅವಳು ಅವನ ಕಡೆ ತಿರುಗಿದಳು. “ನಾ ದಿನಾ ಬಸ್ಸಿನಾಗ ನಿಂತು ಹೋಗ್ಲತ್ತೀನಿ. ನೀ ಒಬ್ಬಂವನೇ ಅವ್ವನ ಸಂಗಟ ತಿರಗ್ಲತ್ತಿದ್ದಿ. ನನಗ್ಯಾಕ ಹೇಳ್ಲಿಲ್ಲ? ನಾನೂ ಕೂಡ್ತಿದ್ದೆ. ನಾ ಆಕಿ ಮಗಳಲ್ಲೇನು?”

ಅವಳು ಹೇಳಿದ್ದು ನಿಜವಾಗಿತ್ತು. ಅಳಿಯುತ್ತದೆ ಎಂದು ಗೊತ್ತಾಗುವ ಮೊದಲೂ ಅವನು ಅದನ್ನು ಒಬ್ಬನೇ ತಿಂದಿದ್ದ. ಮಾಳೇವಾಡಿ ಬರುವ ತನಕ ಕರುಣಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಸೀತಾಬಾಯಿಯನ್ನು ನೋಡಿ, ರಕ್ತದ ಒತ್ತಡ ಅಳೆದು, ಸಲೈನ್ ಹಚ್ಚಿ ಹೊರಗೆ ತರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಬಯಲಗಾಳಿಗೆ ಗಾಡಿಯ ಎಣ್ಣೆ ಮತ್ತೆ ಹೆಪ್ಪಾಯಿತು. ಹಿಂದಿನ ಸೀಟಿನಲ್ಲಿ ಸೀತಾಬಾಯಿಯನ್ನು ಮಲಗಿಸಿದರು; ಅವಳ ಅತ್ತೆ ಹತ್ತಿ ಕೂತು ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕರುಣಾ ಕೆಳಗೆ ಮೊಣಕಾಲೂರಿ ಕೂತು ಸಲೈನ್ ಬಾಟಲಿ ಎತ್ತಿ ಹಿಡಿದಳು.

“ಅಪ್ಪಾ, ಮಾಸು ಕೆಳಗ, ಗರ್ಭದ ಬಾಯಿಗೇ ಅದ. ಒಂದು ಧಕ್ಕಿ ಆದ್ರೂ ರಕ್ತ ಜಾಸ್ತಿ ಹೋಗ್ತದ. ಆದ್ರ ಲಗೂನೂ ಹೋಗ್ಬೇಕು.”

ಅವನು ಎಂಜಿನ್ ಹಚ್ಚಿ, ‘ಡಿ’ಗೆ ಎಳೆದು, ಬ್ರೇಕಿನ ಮೇಲೆ ಕಾಲಿಟ್ಟು ಕೂತ. ಈಗ ಈ ಪೆಟ್ಟಿಗೆಯಲ್ಲಿ ಅವಳೆಷ್ಟು ಉಳಿದಿದ್ದಾಳೆ, ತಾನೆಷ್ಟು ಸೇರಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ. ತನ್ನ ಪಾಲು ಎದ್ದು ಬಂದರೆ ಗಾಡಿ ಹಾರುತ್ತದೆ.

“ಯಾಕ ನಿಂತಿದಿ? ಹೋಗು!”

“ಎಣ್ಣಿ ಏಳ್ಲಿ.”

ಹಿಂದೆ ಸೀತಾಬಾಯಿ ನರಳಿದಳು. ವೈಜಿನಾಥ ಸ್ಟೇರಿಂಗಿನ ಮೇಲಿನ ಬೆರಳುಗಳಿಂದ ಗಾಡಿಯ ನಡುಕ ಕೇಳಿದ. ಪಾಕ ಎಳೆ ಬಿಡುವ ಮೊದಲು ಬೆರಳಿಗೆ ಒಂದು ಸುಳಿವು ಕೊಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇಲ್ಲೂ ಬಂತು. ಬ್ರೇಕಿನಿಂದ ಕಾಲು ಎತ್ತಿದ. ಗಾಡಿ ಜಾರಿತು. ವೇಗ ಏರಿತು. ಎರಡನೇ ಗೇರು ಬೀಳುವ ಮುಂಚಿನ ಕ್ಷಣದಲ್ಲಿ ಅವನ ಕಾಲು, ಯಾರೂ ಹೇಳಿಕೊಡದೆ, ಆಕ್ಸಿಲರೇಟರಿನ ಮೇಲಿಂದ ಕೂದಲೆಳೆಯಷ್ಟು ಹಗುರಾಯಿತು. ತೂಗು ಬಂದು ಹೋಯಿತು. ಬಾಟಲಿಯ ನೀರು ಅಲುಗಲಿಲ್ಲ. ಮೂರನೆಯದಕ್ಕೂ ಹಾಗೆಯೇ ಮಾಡಿದ.

ಆಗ ಅವನಿಗೆ ಒಂದು ಮಾತು ಹೊಳೆಯಿತು. ಇಷ್ಟು ದಿನ ಆ ಮೆತ್ತನೆಯ ಕಾಲು ತನಗಾಗಿ ಎಂದುಕೊಂಡಿದ್ದ. ಬೈಯುತ್ತ ಬೈಯುತ್ತ ತನ್ನನ್ನು ಹಾಗೆ ಕರೆದುಕೊಂಡು ಹೋಗುತ್ತಿದ್ದಳು ಎಂದು ಒಳಗೊಳಗೆ ಹಿಗ್ಗಿದ್ದ. ಆದರೆ ಸಾವಿರ ಸ್ಟಾರ್ಟುಗಳಲ್ಲಿ ಅವನು ಕೂತದ್ದು ಎಷ್ಟು? ಉಳಿದವೆಲ್ಲ ಇಂಥ ಹಳ್ಳಿಯ ಅಂಗಳಗಳಲ್ಲಿ, ಹೆಪ್ಪಾದ ಎಣ್ಣೆಯಲ್ಲಿ, ಹಿಂದೆ ಹೀಗೆ ನರಳುವವಳನ್ನು ಇಟ್ಟುಕೊಂಡು ಹೊರಟವು. ಗಾಡಿ ಕಲಿತದ್ದು ಅಲ್ಲಿ. ಅವನಿಗೆ ಬೆಳಿಗ್ಗೆ ಸಿಗುತ್ತಿದ್ದದ್ದು ಆ ಹೆಂಗಸರಿಗೆ ಕೊಟ್ಟು ಮಿಕ್ಕಿದ್ದು. ಎದೆಯಲ್ಲಿ ಎಲ್ಲೋ ಚುರ್ ಎಂದಿತು. ಹಿಂದಿನಿಂದ ಸೀತಾಬಾಯಿಯ ಅತ್ತೆ, “ಜಗದೇವಿ ಬಾಯಿ ಗಾಡಿ ಇದು, ಹೆದರಬ್ಯಾಡ” ಎಂದು ಸೊಸೆಯ ಹಣೆ ಸವರುತ್ತಿದ್ದದ್ದು ಕೇಳಿಸಿತು. ಆ ನೋವು ಉಳಿಯಲಿಲ್ಲ. ಅದರ ಜಾಗದಲ್ಲಿ ಬಂದದ್ದು ಅವಳನ್ನು ಇನ್ನೊಮ್ಮೆ ನೋಡಬೇಕು ಎನ್ನುವ ಆಸೆ. ಎಡಗಡೆ ಕೂತು ಅಲ್ಲ. ಹೀಗೆ ಒಂದು ಅಂಗಳದಲ್ಲಿ, ದೀಪದ ಬೆಳಕಿನಲ್ಲಿ, ಯಾರನ್ನೋ ಎತ್ತಿ ಗಾಡಿಯಲ್ಲಿ ಮಲಗಿಸುತ್ತಿರುವ ಅವಳನ್ನು. ಅದನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಆಗಿ ಹೆಣ್ಣು ಕೂಸು ಹುಟ್ಟಿತು. ತಾಯಿಗೆ ಎರಡು ಬಾಟಲಿ ರಕ್ತ ಕೊಟ್ಟರು. ಕರುಣಾ ಹೊರಗೆ ಬಂದು ಬೆಂಚಿನ ಮೇಲೆ ಅಪ್ಪನ ಪಕ್ಕದಲ್ಲಿ ಕೂತಳು.

“ಹಿಂದ ಕೂತಾಕಿಗೆ ಗೇರು ಬಿದ್ದದ್ದು ಗೊತ್ತಾಗಬಾರದು ಅಂತಿದ್ಳು ಅವ್ವ,” ಎಂದಳು. “ಇವತ್ತು ನನಗ ಗೊತ್ತಾಗಲಿಲ್ಲ ಅಪ್ಪಾ.”

ಮತ್ತೆ ಒಳಗೆ ಹೋಗಲು ಎದ್ದವಳು, “ನಾಳಿ ಮೈನಸ್ ಇದ್ರ ನನ್ನ ಎಬ್ಸು” ಎಂದಳು.

ಉಳಿದ ಚಳಿಗಾಲ ಆ ಗಾಡಿ ಕೌದಿಯ ಕೆಳಗೆ ಇರಲಿಲ್ಲ. ಬೆಳಿಗ್ಗೆ ಕರುಣಾ ಎಡಗಡೆ ಕೂತು ಆಸ್ಪತ್ರೆಯ ತನಕ ಬರುತ್ತಿದ್ದಳು. ಹಳ್ಳಿಗಳಿಂದ ಫೋನು ಬಂದಾಗ ವೈಜಿನಾಥ ಶಿಫ್ಟು ಬದಲಿಸಿಕೊಂಡು ಹೋಗುತ್ತಿದ್ದ. ಹದಿನೇಳು ಸಲ ಹೋದ. ಅಳಿಯುತ್ತದೆ ಎಂಬುದು ಪ್ರತಿ ಸಲವೂ ನೆನಪಿಗೆ ಬರುತ್ತಿತ್ತು. ಬಂದರೂ ಹೋಗುತ್ತಿದ್ದ.

ಶಿವರಾತ್ರಿ ಕಳೆದ ಮೇಲೆ ಶಾಹಿದಾ ಮತ್ತೊಮ್ಮೆ ತಂತಿ ಚುಚ್ಚಿ ನೋಡಿದಳು. ಹಳೆಯ ನಕಲನ್ನು ಪಕ್ಕದಲ್ಲಿ ಇಟ್ಟುಕೊಂಡು ತುಂಬ ಹೊತ್ತು ಹೋಲಿಸಿದಳು.

“ಮೂರರಿಂದ ನಾಕಕ್ಕ ಹೋಗೋದು ಪೂರಾ ನಿಮ್ಮದೇ ಆಗ್ಯದ. ಅದು ಹೋತು. ಆದ್ರ ಒಂದರಿಂದ ಎರಡಕ್ಕ ನೋಡ್ರಿ. ಡಿಸೆಂಬರದಾಗ ಆಕಿಯಿಂದ ದೂರ ಹೋಗಿತ್ತು. ಜನವರಿ ಆದಮ್ಯಾಲ ತಿರುಗಿ ಹತ್ರ ಬಂದದ.”

“ಆಕಿ ವಾಪಸ್ ಬಂದಾಳಂತೀರಿ?”

“ಇಲ್ಲ ಅಣ್ಣಾ. ಹಳೇದು ವಾಪಸ್ ಬರಂಗಿಲ್ಲ. ಇದು ನಿಮ್ಮ ಕಾಲು. ಆಕಿಯಂಗ ಆಗ್ಯದ, ಅಷ್ಟ.” ಅವಳು ಪರದೆ ಆರಿಸಿದಳು. “ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಸುಕು ತೆಗಿಲತ್ತಾರ. ಮುಂದಿನ ವರ್ಷ ಇಲ್ಲಿ ಮೈನಸ್ ಬರೋದು ಅನುಮಾನ.”

ಬರಲಿಲ್ಲ. ಮುಂದಿನ ಪುಷ್ಯದಲ್ಲಿ ಆಕಾಶದ ಬಿಳಿಚು ಹೋಗಿ ನೀಲಿ ಬಂತು. ತೊಗರಿ ಹೊಲಗಳು ಹಳದಿಯಾದವು. ಊರು ಹಬ್ಬ ಮಾಡಿತು. ವೈಜಿನಾಥ ದಿನಾ ಎದ್ದು ನೋಡುತ್ತಿದ್ದ: ಆರು, ಐದು, ನಾಲ್ಕು. ಒಂದು ದಿನ ಎರಡಕ್ಕೆ ಇಳಿಯಿತು. ಅವನು ಹೊರಗೆ ನಿಂತು, ಬಿಸಿಲೇರಿ ಅದು ಏಳಾಗುವ ತನಕ ನೋಡಿದ. ಮೈನಸ್ ಖಾನೆ ಪೆಟ್ಟಿಗೆಯೊಳಗೆ ಹಾಗೆಯೇ ಇತ್ತು, ಅರ್ಧ ಅವಳದು, ಅರ್ಧ ಅವನದು. ಅದನ್ನು ತೆರೆಯುವ ಚಳಿ ಮಾತ್ರ ಇರಲಿಲ್ಲ.

ಆ ಭಾನುವಾರ ಕರುಣಾ ಕೀಲಿ ಕಸಿದುಕೊಂಡಳು. ಅವಳಿಗೆ ಲೈಸೆನ್ಸು ಬಂದು ವಾರವಾಗಿತ್ತು; ಒಂಬತ್ತು ಹಳ್ಳಿಗಳ ಕೆಲಸಕ್ಕೆ ಅರ್ಜಿಯನ್ನೂ ಹಾಕಿದ್ದಳು. ವೈಜಿನಾಥ ಎಡಗಡೆ ಕೂತ. ಅವಳು ಧಡಾರನೆ ಬಾಗಿಲು ಹಾಕಿ, ‘ಡಿ’ಗೆ ಎಳೆದದ್ದೇ ತಡ ಆಕ್ಸಿಲರೇಟರ್ ತುಳಿದಳು. ಗಾಡಿ ಎಗರಿತು. ಓಣಿಯ ತುದಿಗೆ ಎರಡನೇ ಗೇರು ಧಡಕ್ಕೆಂದಿತು.

“ಏ, ಮೆಲ್ಲಕ ಹೊಡಿಯವ್ವಾ!”

“ಯಾಕ ಮೆಲ್ಲಕ?” ಎಂದಳು ಕರುಣಾ ನಗುತ್ತ. “ಹಿಂದ ಯಾರಿಲ್ಲಲ್ಲ ಅಪ್ಪಾ.”

ಯಾರೂ ಇರಲಿಲ್ಲ. ವೈಜಿನಾಥ ಆದರೂ ಒಮ್ಮೆ ತಿರುಗಿ ನೋಡಿದ.